ಹಿಮ ಬೀಳದ ಊರಿನ ಹಿಮಯುಗ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹಿಮದ ಊರುಗಳಲ್ಲ. ಸುಮಾರು 21,000 ವರ್ಷಗಳ ಹಿಂದೆ ಭೂಮಿಯ ಚಳಿ ತುತ್ತತುದಿ ಮುಟ್ಟಿದಾಗ ಈಗಿನ ಕೆನಡಾದ ಬಹುಭಾಗ ಮಂಜುಗಡ್ಡೆಯಡಿ ಹೂತುಹೋಗಿತ್ತು. ಆಗಲೂ ಕುದುರೆಮುಖದ ನೆತ್ತಿಯಿಂದ ಹಿಮನದಿ ಇಳಿದಿರಲಿಲ್ಲ. ಆದರೆ ಹಿಮಯುಗ ಇಲ್ಲಿಗೂ ಬಂದಿತ್ತು. ಉತ್ತರದ ದೇಶಗಳಿಗೆ ಅದು ಮಂಜುಗಡ್ಡೆಯಾಗಿ ಬಂದರೆ, ನಮ್ಮ ಪಶ್ಚಿಮ ಘಟ್ಟದ ಬುಡಕ್ಕೆ ಸೊರಗಿದ ಮಳೆಗಾಲವಾಗಿ ಬಂತು.

ಅಂಥ ಸಾವಿರಾರು ಸೊರಗಿದ ಮಳೆಗಾಲಗಳನ್ನು ದಾಟಿ ಬಂದ ಜೀವಿಗಳು ಇಂದಿಗೂ ಅಡಿಕೆ ತೋಟದ ಕಣಿಗಳಲ್ಲಿ, ತೋಡಿನ ಬದಿಯಲ್ಲಿ, ಮುರಕಲ್ಲಿನ ಪದವುಗಳಲ್ಲಿ ನಮ್ಮ ಜೊತೆಗೇ ಬದುಕುತ್ತಿವೆ. ಅವು ನಮ್ಮ ಕಪ್ಪೆಗಳು. ಜೊತೆಗೆ, ಕಂಡವರು ದೊಡ್ಡ ಎರೆಹುಳುವೆಂದೋ ಮರಿಹಾವೆಂದೋ ತಿಳಿಯುವ, ಕಾಲಿಲ್ಲದ ಉಭಯವಾಸಿಗಳಾದ ಸಿಸಿಲಿಯನ್‌ಗಳು. ಹಳೆಯ ಮಳೆಯ ಚರಿತ್ರೆ ಇಂಥ ಜೀವಿಗಳ ವಂಶವಾಹಿಗಳಲ್ಲಿ ಉಳಿದಿರುತ್ತದೆ. ಅದನ್ನು ಈಗ ಓದಿಕೊಳ್ಳಲೇಬೇಕಾದ ಕಾರಣವಿದೆ. ಹವೆ ಮತ್ತೆ ಬದಲಾಗುತ್ತಿದೆ. ಹಿಂದೆ ಬದಲಾದಾಗ ಈ ಜೀವಿಗಳನ್ನು ಉಳಿಸಿದ ಒದ್ದೆ ದಾರಿಗಳನ್ನು ಈ ಸಲ ನಾವೇ ತುಂಡರಿಸುತ್ತಿದ್ದೇವೆ.

ಸಾಲಮ್ಯಾಂಡರ್‌ಗಳ ಪಾಠ

ಉಭಯವಾಸಿಗಳ ಬಾಳಿನಲ್ಲಿ ಹಿಮಯುಗ ಏನೇನು ಮಾಡಿತೆಂಬುದು ಯುರೋಪ್ ಮತ್ತು ಉತ್ತರ ಅಮೆರಿಕದ ಸಾಲಮ್ಯಾಂಡರ್‌ಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಲಮ್ಯಾಂಡರ್ ನೋಡಲು ಹಲ್ಲಿಯಂತಿದ್ದರೂ ಅದರ ಬಂಧುತ್ವ ಕಪ್ಪೆಯ ಜೊತೆ. ಮೈಮೇಲೆ ಹುರುಪೆಯಿಲ್ಲ, ಚರ್ಮ ಸದಾ ಒದ್ದೆ. ಜಗತ್ತಿನಲ್ಲಿ 800ಕ್ಕೂ ಹೆಚ್ಚು ಬಗೆಗಳಿದ್ದರೂ ಭಾರತದಲ್ಲಿ ಅವು ಇರುವುದು ಡಾರ್ಜಿಲಿಂಗ್ ಕಡೆಯ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ನಮ್ಮ ಘಟ್ಟಗಳಲ್ಲಿ ಒಂದೂ ಇಲ್ಲ. ಆದರೆ ಅವುಗಳ ಕಷ್ಟ ನಮ್ಮ ಕಪ್ಪೆ, ಸಿಸಿಲಿಯನ್‌ಗಳ ಕಷ್ಟವೂ ಹೌದು. ಒದ್ದೆ ಚರ್ಮದ ಮೂಲಕ ಉಸಿರಾಡುವ ಜೀವಿಗೆ ಒಣ ನೆಲವೇ ಗೋಡೆ. ಹಕ್ಕಿ ಹಾರಿ ದಾಟುವ, ಹುಲಿ ಒಂದು ರಾತ್ರಿಯಲ್ಲಿ ನಡೆದು ದಾಟುವ ಬಯಲು ಅದಕ್ಕೆ ಹಲವು ತಲೆಮಾರುಗಳ ತಡೆ.

ಸುಮಾರು 26 ಲಕ್ಷ ವರ್ಷಗಳ ಹಿಂದೆ ಭೂಮಿ ಹಿಮಯುಗಗಳ ಸರದಿಗೆ ಕಾಲಿಟ್ಟಿತು. ಸೂರ್ಯನ ಸುತ್ತಲಿನ ಕಕ್ಷೆ ಮತ್ತು ಅಕ್ಷದ ಓಲಾಟದಲ್ಲಿ ಆಗುವ ನಿಧಾನದ ಬದಲಾವಣೆಗಳು ಈ ಸರದಿಯನ್ನು ನಡೆಸುತ್ತವೆ. ಮೊದಲು ಸುಮಾರು 41,000 ವರ್ಷಗಳಿಗೊಮ್ಮೆ, ಕಳೆದ ಹತ್ತು ಲಕ್ಷ ವರ್ಷಗಳಿಂದೀಚೆಗೆ ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಹಿಮದ ಹಾಸು ಉತ್ತರದಿಂದ ಇಳಿದುಬಂತು, ಮತ್ತೆ ಕರಗಿತು. ಇಳಿದಾಗಲೆಲ್ಲ ಯುರೋಪಿನ ಹಳದಿ–ಕಪ್ಪು ಬಣ್ಣದ ಬೆಂಕಿ ಸಾಲಮ್ಯಾಂಡರ್ ದಕ್ಷಿಣದ ಬೆಚ್ಚನೆಯ ಮೂಲೆಗಳಲ್ಲಿ ಮಾತ್ರ ಉಳಿಯಿತು. ಕರಗಿದಾಗ ಅಲ್ಲಿಂದಲೇ ಉತ್ತರಕ್ಕೆ ಹೊರಟಿತು. ಅಮೆರಿಕದಲ್ಲಿ ಶ್ವಾಸಕೋಶವೇ ಇಲ್ಲದ, ಚರ್ಮದಿಂದಲೇ ಉಸಿರಾಡುವ ಸಾಲಮ್ಯಾಂಡರ್‌ಗಳ ಹಳೆಯ ವಂಶಗಳು ಹಿಮ ಮುಟ್ಟದ ದಕ್ಷಿಣ ಅಪಲೇಚಿಯನ್ ಬೆಟ್ಟಗಳಲ್ಲಿ ಕಿಕ್ಕಿರಿದಿವೆ. ಹಿಮ ಸರಿದ ಮೇಲೆ ಉತ್ತರಕ್ಕೆ ಹರಡಿದ ಕೆಂಬೆನ್ನಿನ ಸಾಲಮ್ಯಾಂಡರ್ ಅಪಾರ ನೆಲವನ್ನು ಆಕ್ರಮಿಸಿದ್ದರೂ ಆ ಹೊಸ ನೆಲದ ಸಂತತಿಗಳ ನಡುವೆ ವಂಶವಾಹಿಗಳ ವ್ಯತ್ಯಾಸ ಕಡಿಮೆ.

ಹೀಗಾಗುವುದೇಕೆ? ಹತ್ತು ತಳಿ ಬೆರೆತ ಒಂದು ಮುಡಿ ಬಿತ್ತನೆ ಭತ್ತವಿದೆ ಎಂದುಕೊಳ್ಳಿ. ಅದರಿಂದ ಒಬ್ಬರು ಒಂದು ಸೇರು ಒಯ್ದು ಪಕ್ಕದ ಊರಲ್ಲಿ ಬಿತ್ತುತ್ತಾರೆ. ಅಲ್ಲಿಯ ಬೆಳೆಯಿಂದ ಇನ್ನೊಬ್ಬರು ಒಂದು ಹಿಡಿ ಒಯ್ಯುತ್ತಾರೆ. ನಾಲ್ಕೈದು ಊರು ದಾಟುವಷ್ಟರಲ್ಲಿ ಗದ್ದೆಗಳು ನೂರಾಗಿರಬಹುದು, ತಳಿ ಮಾತ್ರ ಒಂದೋ ಎರಡೋ ಉಳಿದಿರುತ್ತದೆ. ಹೊಸ ನೆಲಕ್ಕೆ ಹೆಜ್ಜೆಯಿಡುವ ಜೀವಿಗಳಲ್ಲೂ ಆಗುವುದು ಇದೇ. ಮುಂದೆ ಸಾಗುವವು ಕೆಲವೇ, ಅವು ತರುವುದು ಮೂಲದ ವೈವಿಧ್ಯದ ಒಂದು ಪಾಲು ಮಾತ್ರ. ಆಶ್ರಯತಾಣದಲ್ಲಿ ಉಳಿದವುಗಳಲ್ಲಿ ಹಳೆಯ ವೈವಿಧ್ಯದ ಹೆಚ್ಚು ಪಾಲು ಇರುತ್ತದೆ. ಬೇರೆ ಬೇರೆ ಆಶ್ರಯಗಳಲ್ಲಿ ದೀರ್ಘಕಾಲ ಸಿಕ್ಕಿಕೊಂಡ ಗುಂಪುಗಳಲ್ಲಿ ಬೇರೆ ಬೇರೆ ವ್ಯತ್ಯಾಸಗಳು ಸೇರುತ್ತಾ ಹೋಗಿ, ಕೊನೆಗೆ ಅವು ಬೇರೆ ವಂಶಗಳೇ ಆಗುತ್ತವೆ. ಬ್ರಿಟಿಷ್ ವಿಜ್ಞಾನಿ ಗಾಡ್‌ಫ್ರೆ ಹೆವಿಟ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಹಿಮಯುಗಗಳ ಈ ಆಸ್ತಿ ಹಂಚಿಕೆಯ ಚಿತ್ರವನ್ನು ಒಟ್ಟಾಗಿ ಮುಂದಿಟ್ಟಿತು.

ಮಳೆ ಹಿಂದೆ ಸರಿದಾಗ

ಹಿಮವಿಲ್ಲದ ನಮ್ಮಲ್ಲಿ ಈ ಕೆಲಸ ಮಾಡಿದ್ದು ಮಳೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾಯುತ್ತದೆ, ಸಮುದ್ರದ ಮೇಲಿನ ತೇವದ ಗಾಳಿ ಅತ್ತ ಸೆಳೆಯಲ್ಪಡುತ್ತದೆ. ಆ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರಿ ಸುರಿಯುವುದರಿಂದಲೇ ದಕ್ಷಿಣ ಕನ್ನಡಕ್ಕೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು, ಆಗುಂಬೆಗೆ 7,000 ಮಿಲಿಮೀಟರ್ ಮೀರಿ ಮಳೆ. ಹಿಮಯುಗದಲ್ಲಿ ಏಷ್ಯಾದ ನೆಲ ತಣ್ಣಗಾಗಿ ಸೆಳೆತ ತಗ್ಗಿತು. ಸಮುದ್ರವೂ ತಂಪಾಗಿ ಆವಿ ಕಡಿಮೆಯಾಯಿತು. ಅಪಾರ ನೀರು ಉತ್ತರದ ಹಿಮದಲ್ಲಿ ಗಟ್ಟಿಯಾಗಿ ಕುಳಿತಿದ್ದರಿಂದ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅರಬ್ಬಿ ಸಮುದ್ರದ ಕರೆ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ಸರಿದಿತ್ತು. ಇಂದು ಉಳ್ಳಾಲದ ಬಳಿ ಕಡಲು ಸೇರುವ ನೇತ್ರಾವತಿ ಆಗ ಈಗಿನ ಕಡಲತಳದ ಮೇಲೆ ಇನ್ನೂ ದೂರ ಹರಿಯಬೇಕಿತ್ತು.

ಇದಕ್ಕೆ ಪುರಾವೆ ನಮ್ಮ ನೆರೆಯಲ್ಲೇ ಸಿಕ್ಕಿದೆ. ನೀಲಗಿರಿಯ ಎತ್ತರದ ಜೌಗುಗಳಲ್ಲಿ ಸತ್ತ ಸಸ್ಯಗಳು ಕೊಳೆಯದೆ ಪದರ ಪದರವಾಗಿ ಕುಳಿತಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪದರಗಳ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ಮರಗಳೂ ತೇವ ಬಯಸುವ ಗಿಡಗಳೂ ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಒಂದು, ಒಣ ಹವೆಗೆ ಒಗ್ಗಿದ ಹಲವು ಹುಲ್ಲುಗಳ ಬಗೆ ಇನ್ನೊಂದು. ಇದರಿಂದ ಅವುಗಳ ಅವಶೇಷದಲ್ಲಿ ಇಂಗಾಲ–13ರ ಪ್ರಮಾಣ ಬೇರೆಯಾಗುತ್ತದೆ. ಹಿಮಯುಗದ ತುದಿಯ ಪದರಗಳಲ್ಲಿ ಒಣಹವೆಯ ಹುಲ್ಲಿನದೇ ಮೇಲುಗೈ. ಹಿಮ ಕರಗಿದ ಮೇಲಿನ ಪದರಗಳಲ್ಲಿ ತೇವದ ಗಿಡಗಳು ಮರಳಿ ಬಂದಿವೆ. ನೈಋತ್ಯ ಕರಾವಳಿಯಾಚೆ ಸಮುದ್ರತಳದ ಕೆಸರಿನಲ್ಲಿ ಹುದುಗಿದ್ದ ಪರಾಗವನ್ನು ಓದಿ 1986ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಮಾತು ಹೇಳಿತು. 22,000ದಿಂದ 18,000 ವರ್ಷಗಳ ಹಿಂದಿನ ಅವಧಿ ಒಣ, ಸುಮಾರು 11,000 ವರ್ಷಗಳ ಹಿಂದೆ ಮಳೆಗಾಲಕ್ಕೆ ಮತ್ತೆ ಭರಪೂರ ಬಲ.

ಇಂಥ ಕಾಲದಲ್ಲಿ ಒದ್ದೆ ಚರ್ಮದ ಜೀವಿ ಎಲ್ಲಿ ಉಳಿದೀತು? ಈ ಮೂರು ತಾಲೂಕುಗಳ ಭೂಮಿಯನ್ನು ಬಲ್ಲವರಿಗೆ ಉತ್ತರ ಹೊಳೆಯುತ್ತದೆ. ಮೂಡುಬಿದಿರೆಯ ಪದವುಗಳಲ್ಲಿ ಮಣ್ಣು ತೆಳು. ಮಳೆ ನಿಂತರೆ ಕಲ್ಲಿನ ಮೇಲಿನ ನೀರು ಬಲುಬೇಗ ಆರುತ್ತದೆ. ಬಂಟ್ವಾಳದ ಗುಡ್ಡಗಳ ನಡುವಿನ ಬೈಲುಗಳಲ್ಲಿ ಒರತೆ ಇನ್ನಷ್ಟು ದಿನ ಜೀವ ಹಿಡಿದಿರುತ್ತದೆ. ಬೆಳ್ತಂಗಡಿಯ ಪೂರ್ವದಂಚಿನಲ್ಲಿ, ಚಾರ್ಮಾಡಿ, ದಿಡುಪೆ, ಬಂಡಾಜೆಯ ಕಣಿವೆಗಳಲ್ಲಿ, ಘಟ್ಟದ ನೆರಳು ಮತ್ತು ದಟ್ಟ ಕಾಡು ಬೇಸಿಗೆಯಲ್ಲೂ ತೇವ ಕಾಯುತ್ತವೆ. ಗಾಳಿ ಎಷ್ಟೇ ಸೊರಗಿದ್ದರೂ ಬೆಟ್ಟಕ್ಕೆ ಬಡಿದಾಗ ಒಂದಿಷ್ಟು ಮಳೆ ಸುರಿಸಿಯೇ ತೀರುತ್ತದೆ. ಹಾಗಾಗಿ ಮಳೆ ತಗ್ಗಿದ ಸಹಸ್ರಮಾನಗಳಲ್ಲಿ ಮೊದಲು ಕೈಬಿಡುವುದು ಪದವು, ಕೊನೆಯವರೆಗೆ ಕಾಯುವುದು ಘಟ್ಟದ ಮಡಿಲು. ಮಳೆ ಮರಳಿದಾಗ ತೋಡು, ಹೊಳೆಗಳ ಬದಿ ಹಿಡಿದು ಜೀವಿಗಳು ಮತ್ತೆ ಕೆಳಕ್ಕೆ ಇಳಿಯಬೇಕು.

ಘಟ್ಟದ ಕಪ್ಪೆಗಳು ಹೇಳುವುದೇನು?

ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಮೇಲೆ ಹಿಮಯುಗಗಳ ಪ್ರಭಾವವನ್ನೂ ಒಳಗೊಂಡ ಅಧ್ಯಯನ ನಡೆದಿದೆ. ಹೆಬ್ಬೆರಳ ತುದಿಯಷ್ಟು ಚಿಕ್ಕ ಈ ಕಪ್ಪೆಗಳ ಮರಿಗಳು ನೀರಿನಲ್ಲಿ ಗೊದಮೊಟ್ಟೆಯಾಗಿ ಈಜುವುದಿಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ. ಕೆರೆ ಬೇಡ, ಆದರೆ ಎಲೆಯ ಮೇಲಿನ ತೇವ, ಗಾಳಿಯ ತಂಪು ಬೇಕೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಇವುಗಳನ್ನು ಹುಡುಕಿ 2014ರಲ್ಲಿ ಒಂಬತ್ತು ಹೊಸ ಪ್ರಭೇದಗಳನ್ನು ವಿವರಿಸಿದರು. 2016ರಲ್ಲಿ ಅವುಗಳ ವಂಶವೃಕ್ಷವನ್ನು ಬಿಡಿಸಿಟ್ಟರು. ಬೆಟ್ಟಸಾಲುಗಳನ್ನು ಬೇರ್ಪಡಿಸುವ ಕಂದರಗಳು, ದಕ್ಷಿಣದಿಂದ ಉತ್ತರಕ್ಕೆ ಮತ್ತು ಬುಡದಿಂದ ನೆತ್ತಿಗೆ ಬದಲಾಗುವ ಹವೆ, ಹಿಮಯುಗಗಳ ಏರಿಳಿತ – ಈ ಮೂರೂ ಸೇರಿ ಪೊದೆಗಪ್ಪೆಗಳ ವೈವಿಧ್ಯವನ್ನು ರೂಪಿಸಿವೆ ಎಂಬುದು ಅವರ ತೀರ್ಮಾನ. ಈ ಕಪ್ಪೆಗಳ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು 2010ರಲ್ಲಿ ಹೆಸರಿಟ್ಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ.

ಒಣ ನೆಲ ಎಷ್ಟು ಬಲವಾದ ಗೋಡೆಯೆಂಬುದಕ್ಕೆ ಶ್ರೀಲಂಕಾ ಸಾಕ್ಷಿ. ಸಮುದ್ರ ಇಳಿದಾಗಲೆಲ್ಲ ಭಾರತಕ್ಕೂ ಲಂಕೆಗೂ ನಡುವೆ ನೆಲದ ಸೇತುವೆ ಏಳುತ್ತಿತ್ತು. ಸುಮಾರು 10,000 ವರ್ಷಗಳ ಹಿಂದಿನವರೆಗೂ ಅದು ಇತ್ತು. ನಡೆದೇ ಹೋಗಬಹುದಾಗಿದ್ದರೂ ಘಟ್ಟದ ಕಪ್ಪೆ, ಸಿಸಿಲಿಯನ್‌ಗಳಂಥ ಮಳೆಕಾಡಿನ ಜೀವಿಗಳು ಲಂಕೆಯವುಗಳ ಜೊತೆ ಅಷ್ಟಾಗಿ ಬೆರೆತಿಲ್ಲವೆಂದು ಫ್ರಾಂಕಿ ಬೋಸ್ಯೂ ಮತ್ತು ಸಂಗಡಿಗರು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಎರಡೂ ಕಡೆಯ ಮಳೆಕಾಡುಗಳ ನಡುವೆ ಒಣ ಬಯಲಿತ್ತು. ಸಮುದ್ರ ದಾರಿ ಬಿಟ್ಟರೂ ಬರ ದಾರಿ ಬಿಡಲಿಲ್ಲ.

ಈ ಕಣ್ಣಿನಿಂದ ನಮ್ಮ ರಾಷ್ಟ್ರೀಯ ಹೆದ್ದಾರಿ 73ನ್ನು ನೋಡಬೇಕು. ಅದು ಬಂಟ್ವಾಳ, ಬೆಳ್ತಂಗಡಿ ದಾಟಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ತಲುಪುತ್ತದೆ. ಪ್ರಯಾಣಿಕರು ನೀರುದೋಸೆಗೆ ನಿಲ್ಲಿಸುವ ಆ ಕೊಟ್ಟಿಗೆಹಾರದಿಂದಲೇ ನಾರಾಯಣ ರಾವ್ 1937ರಲ್ಲಿ ಒಂದು ಪುಟ್ಟ ಕಪ್ಪೆಯನ್ನು ವಿವರಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಕೊಟ್ಟಿಗೆಹಾರವಿದೆ. ಅದು ಕುಣಿಯುವ ಕಪ್ಪೆಗಳ ಬಳಗಕ್ಕೆ ಸೇರಿದ್ದು. ಹರಿವ ನೀರಿನ ಸದ್ದಿನಲ್ಲಿ ಕೂಗು ಕೇಳದೆಂದು ಗಂಡು ಹಿಂಗಾಲನ್ನು ಚಾಚಿ ಬೀಸಿ ಸನ್ನೆ ಮಾಡುತ್ತದೆ. ನೆರಳಿನ ಝರಿಯ ಕಲ್ಲು ಬಿಟ್ಟರೆ ಅದಕ್ಕೆ ಬೇರೆ ಲೋಕವಿಲ್ಲ. ಗದ್ದೆಯಲ್ಲಿ ಕೂಗುವ, ನೋಡಲು ಒಂದೇ ತೆರನಾದ ಕಪ್ಪೆಗಳ ವಂಶವಾಹಿಗಳನ್ನೂ ಕೂಗನ್ನೂ ಜಪಾನಿನ ಕುರಾಮೊಟೊ, ಮಂಗಳೂರಿನ ಜೋಶಿ ಮತ್ತು ಸಂಗಡಿಗರು ಹೋಲಿಸಿ 2007–08ರ ಹೊತ್ತಿಗೆ ನಡು ಪಶ್ಚಿಮ ಘಟ್ಟದಿಂದ ನಾಲ್ಕು ಹೊಸ ಪ್ರಭೇದಗಳನ್ನು ಬೇರ್ಪಡಿಸಿದರು. ಒಂದರ ಹೆಸರು ಕುದುರೆಮುಖದ್ದೇ. ಕಣ್ಣಿಗೆ ಒಂದಾಗಿ ಕಂಡದ್ದು ಚರಿತ್ರೆಯಲ್ಲಿ ನಾಲ್ಕಾಗಿತ್ತು.

ಇನ್ನೊಂದು ದಾರಿ ಹೊಳೆಯದು. ಕುದುರೆಮುಖದ ಕಡೆಯಿಂದ ಇಳಿಯುವ ಫಲ್ಗುಣಿ ನದಿ ಬೆಳ್ತಂಗಡಿ ತಾಲೂಕಿನ ವೇಣೂರನ್ನು ಹಾದು ಗುರುಪುರಕ್ಕೆ ಬರುತ್ತದೆ. ಆ ಗುರುಪುರದ ತೋಟವೊಂದರಿಂದಲೇ ವಿಜ್ಞಾನಿಗಳಾದ ಪಿಳ್ಳೈ ಮತ್ತು ರವಿಚಂದ್ರನ್ 1999ರಲ್ಲಿ ಒಂದು ಸಿಸಿಲಿಯನ್ನನ್ನು ವಿವರಿಸಿದರು. ಮಣ್ಣಿನೊಳಗೇ ಬಾಳು ಕಳೆಯುವ ಈ ‘ಗೆಗೆನಿಯೋಫಿಸ್ ಕೃಷ್ಣಿ’ಯ ದೂರದ ನೆಂಟರು ಇರುವುದು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ. ಆರೂವರೆ ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಸೇಶೆಲ್ಸ್‌ನಿಂದ ಬೇರೆಯಾಗಿ ಉತ್ತರಕ್ಕೆ ಸಾಗಿದ ಕತೆಯನ್ನು ಈ ನೆಂಟಸ್ತಿಕೆ ಹೇಳುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲೂ ಇದಕ್ಕೆ ಜೊತೆಗಾರರಿದ್ದಾರೆ. ಮಣಿಪಾಲದ ಮುರಕಲ್ಲು ಪ್ರದೇಶದಿಂದ 2016ರಲ್ಲಿ ವಿವರಿಸಲಾದ ‘ಮೈಕ್ರೊಹೈಲ ಲ್ಯಾಟರೈಟ್’ ಎಂಬ ಬೆರಳುಗುರಿನಷ್ಟು ಕಪ್ಪೆಗೆ ಆ ಕಲ್ಲಿನದೇ ಹೆಸರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕುಣಿಯುವ ಕಪ್ಪೆಗಳನ್ನಾಗಲಿ ಸಿಸಿಲಿಯನ್‌ಗಳನ್ನಾಗಲಿ ಹಿಮಯುಗ ಸೃಷ್ಟಿಸಲಿಲ್ಲ. ಈ ಕುಲಗಳು ಕೋಟ್ಯಂತರ ವರ್ಷ ಹಳೆಯವು. ಹಿಮಯುಗಗಳು ಮಾಡಿದ್ದು ಅದರ ನಂತರದ ಕೆಲಸ. ಯಾವ ಸಂತತಿ ಯಾವ ಕಣಿವೆಯಲ್ಲಿ ಉಳಿಯಿತು, ಯಾವುದು ಕುಗ್ಗಿ ಮತ್ತೆ ಹರಡಿತು, ಯಾವುದು ಪಕ್ಕದ ಬೆಟ್ಟದ ಬಂಧುಗಳಿಂದ ದೂರವಾಯಿತು ಎಂಬುದನ್ನು ಅವು ನಿರ್ಧರಿಸಿದವು. ವಂಶವಾಹಿಯಲ್ಲಿ ಎರಡು ಕಾಲಮಾನಗಳಿವೆ. ಆಳವಾದದ್ದು ಭೂಖಂಡಗಳ ಚಲನೆಯದು, ಮೇಲಿನದು ಮಳೆಯ ಏರಿಳಿತದ್ದು. ಪ್ರಭೇದಗಳ ಪಟ್ಟಿ ಮಾಡಿದರೆ ಮೊದಲನೆಯದಷ್ಟೇ ಸಿಗುತ್ತದೆ. ಎರಡನೆಯದು ಸಿಗುವುದು ಪ್ರತಿ ಕಣಿವೆಯ ಸಂತತಿಯನ್ನೂ ಪ್ರತ್ಯೇಕವಾಗಿ ನೋಡಿದಾಗ.

ಈ ಸಲದ ವ್ಯತ್ಯಾಸ

ಹಿಮಯುಗದ ತುದಿಯಿಂದ ಈಗಿನ ಬೆಚ್ಚನೆಯ ಕಾಲಕ್ಕೆ ಬರುವಾಗ ಭೂಮಿಯ ಸರಾಸರಿ ತಾಪ 5–6 ಡಿಗ್ರಿ ಏರಲು ಸುಮಾರು 10,000 ವರ್ಷ ಹಿಡಿಯಿತು. ಕೈಗಾರಿಕಾ ಯುಗ ಶುರುವಾದ ಮೇಲೆ ಒಂದು ಡಿಗ್ರಿಗೂ ಹೆಚ್ಚು ಏರಲು ಒಂದೂವರೆ ಶತಮಾನ ಸಾಕಾಯಿತು. ಜಗತ್ತಿನ ಉಭಯವಾಸಿಗಳ ಸ್ಥಿತಿಗತಿಯ ಸಮೀಕ್ಷೆ 2023ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. 8,000 ಪ್ರಭೇದಗಳ ಪೈಕಿ ಶೇಕಡ 41ರಷ್ಟು ಅಳಿವಿನಂಚಿಗೆ ಸರಿದಿವೆ. ಸಾಲಮ್ಯಾಂಡರ್‌ಗಳಲ್ಲಂತೂ ಐದರಲ್ಲಿ ಮೂರು. 2004ರಿಂದೀಚೆಗೆ ಸ್ಥಿತಿ ಕೆಟ್ಟ ಪ್ರಭೇದಗಳಲ್ಲಿ ಶೇಕಡ 39ಕ್ಕೆ ಹವಾಮಾನ ಬದಲಾವಣೆಯೇ ಮುಖ್ಯ ಕಾರಣ.

ಹವೆ ಬದಲಾದಾಗ ಜೀವಿಗಳು ಉಳಿದದ್ದು ಸರಿದು ಹೋಗಲು ದಾರಿ ಇದ್ದುದರಿಂದ. ಆ ದಾರಿ ನಮ್ಮಲ್ಲಿ ತೋಡಿನ ಬದಿಯ ನೆರಳು, ಗುಡ್ಡದ ಕಾಡು, ಬೈಲಿನ ಗದ್ದೆ, ಮಳೆಗಾಲದ ಪದವಿನ ಹೊಂಡ. ಇಂದು ತೋಡಿನ ಎರಡೂ ದಂಡೆಗೆ ಕಾಂಕ್ರೀಟ್ ಗೋಡೆ ಏಳುತ್ತಿದೆ. ಗದ್ದೆಗೆ ಮಣ್ಣು ತುಂಬುತ್ತಿದೆ. ಕೆಂಪು ಕಲ್ಲು ತೆಗೆದ ಪದವು ನೆಟ್ಟಗಿನ ಗೋಡೆಗಳ ಗುಂಡಿಯಾಗಿ ಉಳಿಯುತ್ತಿದೆ. ಚಾರ್ಮಾಡಿಯ ರಸ್ತೆ ಅಗಲವಾಗುತ್ತಿದೆ. 2019ರ ಆಗಸ್ಟಿನ ಮಹಾಮಳೆಗೆ ಚಾರ್ಮಾಡಿ ಘಾಟಿಯೂ ಅದರ ಬುಡದ ಊರುಗಳೂ ಕುಸಿದದ್ದನ್ನು ಬೆಳ್ತಂಗಡಿಯ ಜನ ಕಂಡಿದ್ದಾರೆ, ಮನೆ ತೋಟ ಕಳೆದುಕೊಂಡಿದ್ದಾರೆ. ಇಳಿಜಾರಿನ ಕಾಡು ಹಿಡಿದಿಟ್ಟ ಮಣ್ಣಿನಲ್ಲೇ ಕಪ್ಪೆಯ ಬದುಕೂ ಇದೆ, ಮನುಷ್ಯನ ಬದುಕೂ ಇದೆ. ಇವೆರಡನ್ನು ಬೇರೆ ಮಾಡಿ ಯೋಚಿಸಲು ಆಗದು.

ರಸ್ತೆಯಾಗಲಿ, ಮನೆಯಾಗಲಿ, ತೋಟವಾಗಲಿ ಬೇಡವೆಂದು ಯಾರೂ ಹೇಳಬೇಕಿಲ್ಲ. ತೋಡಿಗೆ ಗೋಡೆ ಬೇಕಾದಲ್ಲಿ ಕಲ್ಲಿನ ಇಳಿಜಾರು ಕಟ್ಟಿ, ಬದಿಯಲ್ಲಿ ಒಂದು ಸಾಲು ಮರ, ಮುಂಡುಗದ ಹಿಂಡಿಲು ಬಿಡಬಹುದು. ಘಾಟಿ ರಸ್ತೆಯಡಿಯ ಮೋರಿಗಳ ತಳದಲ್ಲಿ ಸಿಮೆಂಟಿನ ಬದಲು ಝರಿಯ ಕಲ್ಲು ಮಣ್ಣು ಉಳಿದರೆ ಕುಣಿಯುವ ಕಪ್ಪೆಗೆ ಅದೇ ಸೇತುವೆ. ಪದವಿನಲ್ಲಿ ಕಲ್ಲು ತೆಗೆಯುವಾಗ ಮಳೆನೀರು ನಿಲ್ಲುವ ಮೂಲೆಯನ್ನು ಮುಟ್ಟದೆ ಬಿಡಬಹುದು. ಅಡಿಕೆ ತೋಟದ ಗೊಬ್ಬರದ ಗುಂಡಿಯಲ್ಲಿ ಸಿಸಿಲಿಯನ್ ಸಿಕ್ಕಿದರೆ ಹಾವೆಂದು ಹೊಡೆಯದೆ ಮಣ್ಣಿಗೆ ಬಿಡಬಹುದು. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ, ಅದು ತಿನ್ನುವುದು ಮಣ್ಣಿನ ಹುಳುಗಳನ್ನು.

ಎಲ್ಲಕ್ಕಿಂತ ಮುಖ್ಯವಾಗಿ, ‘ಈ ಕಪ್ಪೆ ಬೇರೆ ಕಡೆಯೂ ಇದೆ, ಇಲ್ಲಿಯದು ಹೋದರೇನು’ ಎಂಬ ವಾದವನ್ನು ನಾವು ಕೈಬಿಡಬೇಕು. ದಿಡುಪೆಯ ಕಣಿವೆಯಲ್ಲಿ ಬರಗಳನ್ನು ದಾಟಿ ಬಂದ ಸಂತತಿಯಲ್ಲಿ ಇರಬಹುದಾದ ವಂಶವಾಹಿಯ ಸಂಪತ್ತನ್ನು ಬೇರೆ ಜಿಲ್ಲೆಯ ಅದೇ ಹೆಸರಿನ ಕಪ್ಪೆ ತುಂಬಿಕೊಡಲಾರದು. ಮುಂದಿನ ಬರಕ್ಕೋ ಹೊಸ ರೋಗಕ್ಕೋ ತಡೆ ಒಡ್ಡುವ ಗುಣ ಯಾವ ಕಣಿವೆಯದರಲ್ಲಿ ಅಡಗಿದೆಯೋ, ಅದು ಅಳಿದ ಮೇಲೆ ಹುಡುಕಲು ಬರುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಉಜಿರೆ, ಮೂಡುಬಿದಿರೆ, ಬಂಟ್ವಾಳಗಳಲ್ಲಿ ವಿಜ್ಞಾನ ಕಲಿಸುವ ಕಾಲೇಜುಗಳಿವೆ, ಮಳೆಗಾಲದ ರಾತ್ರಿ ಮೊಬೈಲಿನಲ್ಲಿ ಕಪ್ಪೆಯ ಕೂಗು ದಾಖಲಿಸಬಲ್ಲ ನೂರಾರು ವಿದ್ಯಾರ್ಥಿಗಳಿದ್ದಾರೆ. ಯಾವ ತೋಡಿನಲ್ಲಿ ಯಾವ ಕಪ್ಪೆ, ಯಾವ ಪದವಿನ ಹೊಂಡದಲ್ಲಿ ಯಾವುದು ಎಂದು ಪಂಚಾಯಿತಿಯ ದಾಖಲಾತಿಯಲ್ಲಿ ತೋಡಿನ ಹೆಸರಿನ ಸಹಿತ ಬರೆದಿಟ್ಟರೆ, ಆ ತೋಡಿಗೆ ಗೋಡೆ ಕಟ್ಟುವ ನಿರ್ಣಯ ಬರುವ ದಿನ ಗ್ರಾಮಸಭೆಯ ಮುಂದೆ ಇಡಲು ಒಂದು ಕಾಗದವಾದರೂ ಇರುತ್ತದೆ. ಈ ಮಳೆಗಾಲದಲ್ಲೇ ಆ ಕೆಲಸ ಶುರುವಾಗಲಿ.